2016ರ ಮರು-ಡ್ರಾಫ್ಟ್: 34ನೇ ಸ್ಥಾನಕ್ಕೆ ಜೇಲನ್ ಸ್ಮಿತ್ ತಗೋಬೇಕಾ, ಮೈಲ್ಸ್ ಜ್ಯಾಕ್ ತಗೋಬೇಕಾ?

ಮೂರನೇ_ಡೌನ್:

ಈ ಸಲ ನಮ್ಮ ಗುಂಪಲ್ಲಿ 2016ರ ಎನ್‌ಎಫ್‌ಎಲ್ ಡ್ರಾಫ್ಟನ್ನ (ಅಮೆರಿಕನ್ ಫುಟ್‌ಬಾಲ್ ತಂಡಗಳು ಕಾಲೇಜು ಆಟಗಾರರನ್ನ ಸರದಿ ಪ್ರಕಾರ ಆರಿಸಿಕೊಳ್ಳೋದು) ಮೊದಲಿಂದ ಮತ್ತೆ ಆಡ್ತಿದ್ದೀವಿ. ನಿಯಮ ಒಂದೇ: ಎರಡನೇ ಸುತ್ತು ಶುರುವಾದ 2016ರ ಏಪ್ರಿಲ್ 29ರವರೆಗೆ ಗೊತ್ತಿದ್ದ ವಿಷಯ ಮಾತ್ರ ಬಳಸಬೇಕು. ಆಮೇಲೆ ಯಾರು ಮಿಂಚಿದರು, ಯಾರು ಮೂಲೆ ಸೇರಿದರು ಅನ್ನೋದನ್ನ ತಂದು ವಾದ ಮಾಡಿದ್ರೆ ಲೆಕ್ಕಕ್ಕಿಲ್ಲ.

ನನ್ನ ಪಾಲಿಗೆ ಬಂದಿರೋದು ಡಲ್ಲಾಸ್ ಕೌಬಾಯ್ಸ್. 4ನೇ ಸ್ಥಾನದಲ್ಲಿ ಎಝೀಕಿಯಲ್ ಎಲಿಯಟ್‌ನ ತಗೊಂಡಾಯ್ತು, ಅದರಲ್ಲಿ ತಕರಾರಿಲ್ಲ. ಈಗ 34. ಮೇಜಿನ ಮೇಲೆ ಇಬ್ಬರು ಲೈನ್‌ಬ್ಯಾಕರ್‌ಗಳಿದ್ದಾರೆ (ರಕ್ಷಣೆಯ ಎರಡನೇ ಸಾಲಿನವರು), ಇಬ್ಬರೂ ಗಟ್ಟಿಮುಟ್ಟಾಗಿದ್ದಿದ್ರೆ ಮೊದಲ ಹತ್ತರೊಳಗೆ ಹೋಗ್ಬೇಕಾದವರು.

ಜೇಲನ್ ಸ್ಮಿತ್, ನೋಟ್ರ್ ಡೇಮ್. 2015ರ ಬಟ್ಕಸ್ ಪ್ರಶಸ್ತಿ, ಅಂದ್ರೆ ಕಾಲೇಜಿನ ಅತ್ಯುತ್ತಮ ಲೈನ್‌ಬ್ಯಾಕರ್. 2016ರ ಜನವರಿ 1ರ ಫಿಯೆಸ್ಟಾ ಬೌಲ್‌ನಲ್ಲಿ ಒಹಾಯೋ ಸ್ಟೇಟ್ ವಿರುದ್ಧ ಎಡಮೊಣಕಾಲಿನ ಎರಡು ಲಿಗಮೆಂಟು (ಮೂಳೆಗಳನ್ನ ಕಟ್ಟಿಹಿಡಿಯೋ ನಾರು), ಎಸಿಎಲ್ ಮತ್ತು ಎಲ್‌ಸಿಎಲ್, ಹರಿದವು. ಅದರ ಮೇಲೆ ಪೆರೋನಿಯಲ್ ನರಕ್ಕೂ ಪೆಟ್ಟು, ಪಾದ ಮೇಲಕ್ಕೆ ಎತ್ತೋಕೆ ಆಗ್ತಿಲ್ಲ ಅಂತ ಫೆಬ್ರವರಿಯ ಕಂಬೈನ್ (ಡ್ರಾಫ್ಟ್‌ಗೆ ಮುಂಚೆ ಎಲ್ಲ ತಂಡಗಳ ಮುಂದೆ ನಡೆಯೋ ಪರೀಕ್ಷೆ) ಹೊತ್ತಿಗೆ ಸುದ್ದಿ. ಕೆಲವು ತಂಡಗಳು ಬೋರ್ಡಿಂದಲೇ ಹೆಸರು ಅಳಿಸಿವೆ ಅಂತಾನೂ ಕೇಳಿಬಂತು. ಆಪರೇಷನ್ ಮಾಡಿದ್ದು ಡ್ಯಾನ್ ಕೂಪರ್, ಅಂದ್ರೆ ಕೌಬಾಯ್ಸ್ ತಂಡದ ಡಾಕ್ಟರೇ.

ಮೈಲ್ಸ್ ಜ್ಯಾಕ್, ಯುಸಿಎಲ್‌ಎ. 2015ರ ಸೆಪ್ಟೆಂಬರ್‌ನಲ್ಲಿ ಪ್ರಾಕ್ಟೀಸ್ ವೇಳೆ ಬಲಮೊಣಕಾಲಿನ ಮೆನಿಸ್ಕಸ್ (ಒಳಗಿನ ಮೆತ್ತೆ) ಹರಿಯಿತು, ಮೂರು ಪಂದ್ಯಕ್ಕೆ ಸೀಸನ್ ಮುಗೀತು. ಪ್ರೋ ಡೇನಲ್ಲಿ (ಕಾಲೇಜಿನಲ್ಲೇ ನಡೆಯೋ ಪರೀಕ್ಷೆ) 40 ಇಂಚು ಜಿಗಿದ. ಆದ್ರೆ ಡ್ರಾಫ್ಟ್‌ಗೆ ಸ್ವಲ್ಪ ಮುಂಚೆ ಅವನೇ ಪತ್ರಿಕೆಯವರ ಮುಂದೆ, ಮುಂದೊಂದು ದಿನ ಮೈಕ್ರೋಫ್ರಾಕ್ಚರ್ ಆಪರೇಷನ್ ಬೇಕಾಗಬಹುದು ಅಂದುಬಿಟ್ಟ. ಮೊದಲ ಸುತ್ತಿನ 31 ಆಯ್ಕೆಯಲ್ಲೂ ಅವನ ಹೆಸರು ಬರಲಿಲ್ಲ.

ಪ್ರಶ್ನೆ ಇಷ್ಟು: ಯಾರ ಮೊಣಕಾಲು ಕಡಿಮೆ ಅಪಾಯ? ಜ್ಯಾಕ್‌ನ ಜಿಗಿತದ ಅಂಕಿ ನೋಡಿ ಧೈರ್ಯ ಮಾಡಬಹುದಾ? "ನನಗನ್ಸುತ್ತೆ" ಅನ್ನೋ ಉತ್ತರ ಬೇಡ ಗುರು, ಕಾರಣ ಹೇಳಿ.

ಹಾಸನ_ಫಿಸಿಯೋ:

ಮೊದಲು ಒಂದು ವಿಂಗಡಣೆ. ಇಲ್ಲಿ ಮೂರು ಬೇರೆ ಬೇರೆ ವಸ್ತುಗಳಿಗೆ ಪೆಟ್ಟಾಗಿದೆ: ಲಿಗಮೆಂಟು, ನರ, ಕಾರ್ಟಿಲೇಜು. ಸುದ್ದಿಯವರು ಮೂರನ್ನೂ ಸೇರಿಸಿ "ಮೊಣಕಾಲಿನ ಸಮಸ್ಯೆ" ಅಂದುಬಿಡ್ತಾರೆ. ಮೂರೂ ವಾಸಿಯಾಗೋ ರೀತಿ ಬೇರೆ, ಕೆಡೋ ರೀತಿಯೂ ಬೇರೆ.

ಲಿಗಮೆಂಟ್ ವಿಷಯ ಪಕ್ಕಕ್ಕಿಡಿ. ಎಸಿಎಲ್, ಎಲ್‌ಸಿಎಲ್ ಎರಡೂ ಹೋದ್ರೂ ಕಸಿ ಮಾಡಿ 9ರಿಂದ 12 ತಿಂಗಳಲ್ಲಿ ಮೈದಾನಕ್ಕೆ ತರೋ ದಾರಿ ಇದೆ. ಹಳೇ ಉದಾಹರಣೆ ವಿಲ್ಲಿಸ್ ಮೆಗಾಹೀ: 2003ರ ಜನವರಿಯಲ್ಲಿ ಅದೇ ಫಿಯೆಸ್ಟಾ ಬೌಲ್, ಎದುರಾಳಿ ಅದೇ ಒಹಾಯೋ ಸ್ಟೇಟ್, ಎಸಿಎಲ್, ಪಿಸಿಎಲ್, ಎಂಸಿಎಲ್ ಮೂರೂ ಹೋಗಿದ್ದವು. ಬಫಲೋ ಅವನನ್ನ 23ನೇ ಸ್ಥಾನಕ್ಕೆ ತಗೊಂಡು ಒಂದು ವರ್ಷ ಪೂರ್ತಿ ಕೂರಿಸಿತು, 2004ರಲ್ಲಿ 1,128 ಗಜ ಓಡಿದ. ಮಾರ್ಕಸ್ ಲ್ಯಾಟಿಮೋರ್ ಇದಕ್ಕೆ ತದ್ವಿರುದ್ಧ. 2013ರಲ್ಲಿ 49ನೈನರ್ಸ್ ನಾಲ್ಕನೇ ಸುತ್ತಿನಲ್ಲಿ ತಗೊಂಡರು, ಒಂದು ಪಂದ್ಯವನ್ನೂ ಆಡದೆ 2014ರಲ್ಲಿ ನಿವೃತ್ತಿ. ಅಂದ್ರೆ ಲಿಗಮೆಂಟಿನಲ್ಲೂ ಎರಡೂ ಕಡೆ ಫಲಿತಾಂಶ ಇದೆ. ಆದ್ರೂ ಅಲ್ಲಿ ಡಾಕ್ಟರ ಕೈಯಲ್ಲಿ ಮಾಡೋಕೆ ಕೆಲಸ ಇದೆ.

ನರದ ವಿಷಯದಲ್ಲಿ ಕಾಯೋದು ಬಿಟ್ಟು ಹೆಚ್ಚು ಏನೂ ಇಲ್ಲ. ಪೆರೋನಿಯಲ್ ನರ ಮೊಣಕಾಲಿನ ಹೊರಬದಿಯಲ್ಲಿ ಫಿಬುಲಾ ಮೂಳೆಯ ಕುತ್ತಿಗೆಯನ್ನ ಸುತ್ತಿಕೊಂಡು ಕೆಳಗಿಳಿಯುತ್ತೆ, ಚರ್ಮಕ್ಕೆ ತೀರಾ ಹತ್ತಿರ. ಎಲ್‌ಸಿಎಲ್ ಇರೋದೂ ಹೊರಬದಿಯಲ್ಲೇ. ಮೊಣಕಾಲು ಹೊರಕ್ಕೆ ಬಿಚ್ಚಿಕೊಂಡು ಎಲ್‌ಸಿಎಲ್ ಹರಿಯುವಾಗ ಪಕ್ಕದ ನರವೂ ಎಳೆತಕ್ಕೆ ಸಿಗುತ್ತೆ. ಬರೀ ಎಸಿಎಲ್ ಹರಿದವರಿಗೆ ಫುಟ್ ಡ್ರಾಪ್ (ಪಾದ ಜೋತುಬೀಳೋದು) ಬರೋದು ಅಪರೂಪ, ಸ್ಮಿತ್‌ಗೆ ಬಂದಿದ್ದು ಇದಕ್ಕೇ.

ಎಳೆತ ತಿಂದ ನರದಲ್ಲಿ ಮೂರು ಮಟ್ಟ. ಹೊದಿಕೆಗೆ ಮಾತ್ರ ಏಟಾಗಿ ಸಂಕೇತ ನಿಂತಿದ್ದರೆ ವಾರಗಳಲ್ಲಿ, ಹೆಚ್ಚಂದ್ರೆ ಮೂರು ತಿಂಗಳಲ್ಲಿ ಮರಳುತ್ತೆ. ಹೊರಗಿನ ಕೊಳವೆ ಉಳಿದು ಒಳಗಿನ ಎಳೆ ಕಡಿದಿದ್ದರೆ ಎಳೆ ಮೇಲಿಂದ ಮತ್ತೆ ಬೆಳೀಬೇಕು. ಪೂರ್ತಿ ತುಂಡಾಗಿದ್ದರೆ ತಾನಾಗಿ ಬರೋದಿಲ್ಲ, ಹೊಲಿಗೆ ಅಥವಾ ಕಸಿ ಬೇಕು, ಆಗಲೂ ಲೈನ್‌ಬ್ಯಾಕರ್ ಆಗುವಷ್ಟು ಬಲದ ಆಸೆ ಬಿಡೋದು ಒಳ್ಳೇದು.

ಈಗ ಲೆಕ್ಕ ಹಾಕಿ. ನರ ಬೆಳೆಯೋದು ದಿನಕ್ಕೆ ಸುಮಾರು 1 ಮಿಲಿಮೀಟರ್, ಅದೂ ಶುರುವಾಗೋಕೆ ಕೆಲವು ವಾರ ಹಿಡಿಯುತ್ತೆ. ಜನವರಿ 1ರಿಂದ ಏಪ್ರಿಲ್ 29ಕ್ಕೆ 119 ದಿನ. ಮೊದಲ ಒಂದು ತಿಂಗಳು ಕಳೆದರೆ ಉಳಿದದ್ದು ಸುಮಾರು 9 ಸೆಂಟಿಮೀಟರ್ ಪ್ರಯಾಣ. ಏಟು ಬಿದ್ದ ಜಾಗದಿಂದ ಪಾದ ಎತ್ತುವ ಟಿಬಿಯಾಲಿಸ್ ಆಂಟೀರಿಯರ್ ಸ್ನಾಯುವಿನ ಬಾಗಿಲಿಗೆ ಎಳೆ ಆಗತಾನೇ ಬಂದಿರಬಹುದು, ಇಲ್ಲವೇ ಇನ್ನೂ ದಾರಿಯಲ್ಲಿರಬಹುದು. ಹೆಬ್ಬೆರಳು ಎತ್ತುವ ಸ್ನಾಯು ಅದಕ್ಕಿಂತ ಕೆಳಗೆ, ಅದಕ್ಕೆ ಇನ್ನೂ ತಿಂಗಳುಗಳು.

ಹಾಗಾಗಿ ಏಪ್ರಿಲ್‌ನಲ್ಲಿ ಇಂಡಿಯಾನಾಪೊಲಿಸ್‌ಗೆ ಮರುತಪಾಸಣೆಗೆ ಕರೆಸಿ "ಪಾದ ಇನ್ನೂ ಎದ್ದಿಲ್ಲ" ಅಂತ ಬರೆದುಕೊಂಡ ತಂಡಕ್ಕೆ ಅದರಿಂದ ಸಿಕ್ಕಿದ್ದು ಹೆಚ್ಚೇನಿಲ್ಲ. ಹೊದಿಕೆಯ ಏಟು ಮಾತ್ರ ಅನ್ನೋ ಸುಲಭದ ಸಾಧ್ಯತೆ ಹೋಯ್ತು, ಅಷ್ಟೇ. ನಡುವಿನದಾ ಕೊನೆಯದಾ ಅನ್ನೋದು ಹಾಗೇ ಉಳೀತು. ಆ ಹೊತ್ತಲ್ಲಿ ಒಂದೇ ಒಂದು ಸಣ್ಣ ಮಿಡಿತ ಕಂಡಿದ್ದರೂ ಅದು ದೊಡ್ಡ ಸುದ್ದಿ. ಸ್ನಾಯು ಬಲವನ್ನ 0ಯಿಂದ 5ರವರೆಗೆ ಅಳೀತೀವಿ, 1 ಅಂದ್ರೆ ಚಲನೆ ಇಲ್ಲ, ಬೆರಳಿಟ್ಟರೆ ಮಿಡಿತ ಸಿಗುತ್ತೆ. 0 ಮತ್ತು 1ರ ನಡುವಿನ ಅಂತರ 3 ಮತ್ತು 4ರ ಅಂತರಕ್ಕಿಂತ ಎಷ್ಟೋ ದೊಡ್ಡದು. ಇಎಂಜಿ ಸೂಜಿ ಪರೀಕ್ಷೆ ಇದನ್ನ ಕಣ್ಣಿಗೆ ಕಾಣೋ ಮೊದಲೇ ಹಿಡಿಯುತ್ತೆ, ಮೂರು ತಿಂಗಳ ಹೊತ್ತಿಗೆ ಎರಡನೇ ಸಲ ಮಾಡೋದು ಅದಕ್ಕೇ. ಇನ್ನೊಂದು ಕಡೆ ಗಡಿಯಾರವೂ ಓಡ್ತಿರುತ್ತೆ. 12ರಿಂದ 18 ತಿಂಗಳು ನರ ಬಾರದೇ ಇದ್ದ ಸ್ನಾಯು ಆಮೇಲೆ ನರ ಬಂದ್ರೂ ಓಗೊಡೋದಿಲ್ಲ.

ಈಗ ಕೂಪರ್ ವಿಷಯ. ಹೊರಬದಿ ಸರಿಮಾಡುವಾಗ ಸಾಮಾನ್ಯವಾಗಿ ಮೊದಲು ನರವನ್ನ ಬಿಡಿಸಿ ಪಕ್ಕಕ್ಕಿಟ್ಟುಕೊಂಡೇ ಮುಂದುವರಿಯೋದು. ಅಂದ್ರೆ ನರ ತುಂಡಾಗಿದೆಯಾ, ಎಳೆದು ತೆಳುವಾಗಿದೆಯಾ ಅನ್ನೋದನ್ನ ಕಣ್ಣಾರೆ ನೋಡೋ ಅವಕಾಶ ಇರೋದು ಕತ್ತಿ ಹಿಡಿದವರಿಗೆ. ಉಳಿದ 31 ತಂಡದ ಡಾಕ್ಟರುಗಳು ನೋಡೋದು ಹೊರಗಿನ ಕಾಲು, ಎಂಆರ್‌ಐ ಚಿತ್ರ, ಕಾಗದ. ನನ್ನ ಮತ ಸ್ಮಿತ್‌ಗೆ, ಆದ್ರೆ ಡಲ್ಲಾಸ್ ಕುರ್ಚಿಯಲ್ಲಿ ಕೂತಿದ್ದರೆ ಮಾತ್ರ. ಬೇರೆ ಯಾವ ತಂಡದ ಪರವಾಗಿ ಕೇಳಿದ್ರೂ ಮುಟ್ಟಬೇಡಿ ಅಂತಿದ್ದೆ. ಪಾದ ಪೂರ್ತಿ ಜೋತುಬಿದ್ದ ಕೇಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಪೂರ್ಣ ಬಲ ವಾಪಸ್ ಬರೋದಿಲ್ಲ ಅನ್ನೋದು ನೆನಪಿರಲಿ.

ಕುಡ್ಲದ_ಬ್ಲಿಟ್ಜ್:

ಎಲ್ಲ ಸರಿ ಮಾರಾಯ್ರೆ, ಆದರೆ ನೀವು ಹೇಳಿದ್ದು ಸ್ಮಿತ್ ಯಾಕೆ ಶೂನ್ಯ ಅಲ್ಲ ಅಂತ. ಜ್ಯಾಕ್‌ಗಿಂತ ಹೇಗೆ ಮೇಲು ಅಂತ ಹೇಳಲೇ ಇಲ್ಲವಲ್ಲ?

ಜ್ಯಾಕ್ ಮೊಣಕಾಲಲ್ಲಿ ಎರಡು ವಿಷಯ ಉಂಟು, ಜನ ಒಂದೇ ಮಾಡುತ್ತಾರೆ. ಮೆನಿಸ್ಕಸ್ ಒಂದು, ಅದರ ಕೆಳಗಿನ ಮೂಳೆಗೆ ಹೊದ್ದ ಕಾರ್ಟಿಲೇಜ್ ಇನ್ನೊಂದು. ಮೆನಿಸ್ಕಸ್ ಹರಿದ ತುಂಡನ್ನು ಕತ್ತರಿಸಿ ತೆಗೆದಿದ್ದರೆ ಆಟಗಾರ ನಾಲ್ಕಾರು ವಾರದಲ್ಲಿ ವಾಪಸ್. ಹೊಲಿದಿದ್ದರೆ ನಾಲ್ಕಾರು ತಿಂಗಳು. ಜ್ಯಾಕ್ ಸೆಪ್ಟೆಂಬರ್‌ನಲ್ಲೇ ಸೀಸನ್ ಬಿಟ್ಟ, ಅಂದರೆ ದಾರಿ ಎರಡನೆಯದು. ಡ್ರಾಫ್ಟ್‌ಗೆ ಇದು ಕೆಟ್ಟ ಸುದ್ದಿ ಹಾಗೆ ಕಂಡರೂ ಮೊಣಕಾಲಿನ ಆಯಸ್ಸಿಗೆ ಒಳ್ಳೆಯದು, ಮೆತ್ತೆ ಉಳಿಯಿತು.

ತಕರಾರು ಇರುವುದು ಕಾರ್ಟಿಲೇಜಿನಲ್ಲಿ. ಅದಕ್ಕೆ ರಕ್ತನಾಳ ಇಲ್ಲ, ತಾನಾಗಿ ತುಂಬಿಕೊಳ್ಳುವುದಿಲ್ಲ. ಮೈಕ್ರೋಫ್ರಾಕ್ಚರ್ ಅಂದರೆ ಆ ಬೋಳು ಜಾಗದ ಮೂಳೆಗೆ ಕೆಲವು ಮಿಲಿಮೀಟರ್ ಅಂತರದಲ್ಲಿ ಸಣ್ಣ ತೂತು ಕೊರೆದು ಮಜ್ಜೆಯ ರಕ್ತ ಬರಿಸುವುದು. ಆ ಹೆಪ್ಪು ನಿಧಾನವಾಗಿ ಒಂದು ಹೊದಿಕೆ ಆಗುತ್ತದೆ, ಆದರೆ ಮೂಲ ನಯವಾದ ಕಾರ್ಟಿಲೇಜ್ ಅಲ್ಲ, ಒರಟು ನಾರಿನ ಜಾತಿಯದ್ದು. ಆರರಿಂದ ಎಂಟು ವಾರ ಆ ಕಾಲ ಮೇಲೆ ಭಾರ ಹಾಕುವ ಹಾಗಿಲ್ಲ. ಮಾಡಿಸಿಕೊಂಡ ಮೇಲೂ ಕೆಲವು ವರ್ಷಕ್ಕೆ ಸವೆಯುತ್ತದೆ. ತಂಡಗಳು ಹೆದರಿದ್ದು ಇದಕ್ಕೆ.

ಆದರೆ ಹುಡುಗ ಹೇಳಿದ್ದು "ಬೇಕಾಗಬಹುದು" ಅಂತ. ಆಗಿದೆ ಅಂತಲ್ಲ, ನಾಳೆ ಬೇಕು ಅಂತಲೂ ಅಲ್ಲ. ಈಗ ಅವನು ಓಡುತ್ತಾನೆ, ಜಿಗಿಯುತ್ತಾನೆ, ನೋವಿಲ್ಲ. ಎರಡನೇ ಸುತ್ತಿನ ಆಟಗಾರನ ಕರಾರು ನಾಲ್ಕು ವರ್ಷ. ಆ ನಾಲ್ಕು ವರ್ಷ ಮೊಣಕಾಲು ತಡೆದರೆ ನಿಮ್ಮ ದುಡ್ಡು ಬಂತು. ಮೂವತ್ತನೇ ವಯಸ್ಸಲ್ಲಿ ಅವನ ಮೊಣಕಾಲು ಏನಾಗುತ್ತದೆ ಅನ್ನುವುದು ಅವನಿಗೂ ಅವನ ಮನೆಯವರಿಗೂ ದೊಡ್ಡ ಪ್ರಶ್ನೆ, ಪಾಪ. ನಿಮ್ಮ ಡ್ರಾಫ್ಟ್ ಮೇಜಿಗೆ ಅಲ್ಲ.

ಸ್ಮಿತ್‌ದು "ಆಗುತ್ತದೋ ಇಲ್ಲವೋ". ಜ್ಯಾಕ್‌ದು "ಎಷ್ಟು ವರ್ಷ". 34ನೇ ಸ್ಥಾನದಲ್ಲಿ ನಾನು ಎರಡನೇ ಪ್ರಶ್ನೆಯನ್ನೇ ತೆಗೆದುಕೊಳ್ಳುವುದು.

ಆಟದ ಲೆಕ್ಕದಲ್ಲೂ ನೋಡಿ. 2013ರಲ್ಲಿ ಪ್ಯಾಕ್-12 ಕಾಲೇಜು ಕೂಟದ ಹೊಸಬರ ಪ್ರಶಸ್ತಿ ಆಕ್ರಮಣಕ್ಕೂ ರಕ್ಷಣೆಗೂ ಎರಡೂ ಅವನಿಗೇ ಬಂದದ್ದು. ಲೈನ್‌ಬ್ಯಾಕರ್ ಆಗಿ ರಿಸೀವರ್ ಹಿಂದೆ ಓಡಿಸಬಹುದು, ಮೂರನೇ ಡೌನಿಗೆ ಮೈದಾನದಿಂದ ಇಳಿಸಬೇಕಾಗಿಲ್ಲ. ಸ್ಮಿತ್‌ಗೆ ಎಎಫ್‌ಒ ಪಟ್ಟಿ ಹಾಕಿ ಇಳಿಸಿದಿರಿ ಅಂತಲೇ ಇಟ್ಟುಕೊಳ್ಳಿ. ಅದು ಬೆರಳು ನೆಲಕ್ಕೆ ತಾಗದ ಹಾಗೆ ಪಾದವನ್ನು ಎತ್ತಿ ಹಿಡಿಯುತ್ತದೆ, ನೇರ ಓಡಲಿಕ್ಕೆ ಸಾಕು. ಆದರೆ ಹಿಮ್ಮುಖ ಹೆಜ್ಜೆಯಿಂದ ತಿರುಗಿ ಪಕ್ಕಕ್ಕೆ ಹಾರುವಾಗ ಪಾದದ ಗಂಟು ಒಳಕ್ಕೂ ಹೊರಕ್ಕೂ ಆಡಬೇಕು, ಪಟ್ಟಿ ಅದನ್ನೇ ಕಟ್ಟಿಹಾಕುತ್ತದೆ. ಪಾದವನ್ನು ಹೊರಕ್ಕೆ ತಿರುಗಿಸುವ ಸ್ನಾಯುಗಳಿಗೂ ಅದೇ ಪೆರೋನಿಯಲ್ ನರ. ಕವರೇಜಿನಲ್ಲಿ ಒಂದು ಹೆಜ್ಜೆ ತಡ ಆದರೆ ಟೈಟ್ ಎಂಡ್ ಕೈಗೆ ಬಾಲ್ ಹೋಯಿತು.

ಮೂರನೇ_ಡೌನ್:

ಇಬ್ಬರಿಗೂ ಥ್ಯಾಂಕ್ಸ್. ಅಂಕಿಗಳ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. 245 ಪೌಂಡ್ ತೂಕಕ್ಕೆ 40 ಇಂಚು ವರ್ಟಿಕಲ್ (ನಿಂತಲ್ಲಿಂದ ಮೇಲಕ್ಕೆ), 10 ಅಡಿ 4 ಇಂಚು ಬ್ರಾಡ್ ಜಂಪ್ (ನಿಂತಲ್ಲಿಂದ ಮುಂದಕ್ಕೆ). ಮೊಣಕಾಲು ಹಾಳಾಗಿದ್ದರೆ ಇಷ್ಟು ಜಿಗಿಯೋಕೆ ಆಗುತ್ತಾ?

ಸ್ಟಾಪ್‌ವಾಚ್_ಸೋಮು:

ಆಗುತ್ತೆ.

ವರ್ಟಿಕಲ್, ಬ್ರಾಡ್ ಎರಡೂ ಎರಡು ಕಾಲ ಜಿಗಿತ. ಒಂದು ಕಾಲು 10 ಶೇಕಡಾ ಕಡಿಮೆ ಒತ್ತಿದ್ರೆ ಇನ್ನೊಂದು ತುಂಬಿಕೊಡುತ್ತೆ, ಒಟ್ಟು ಅಂಕಿ ಬಾಯಿ ಬಿಡೋದಿಲ್ಲ. ಮೊಣಕಾಲು ಪರೀಕ್ಷೆ ಆಗೋದು ಹಾರುವಾಗಲ್ಲ, ಇಳಿಯುವಾಗ. ಇಳಿಯೋದನ್ನ ಕಂಬೈನ್‌ನಲ್ಲಾಗಲಿ ಪ್ರೋ ಡೇನಲ್ಲಾಗಲಿ ಯಾರೂ ಅಂಕಿಯಾಗಿ ಬರೆಯೋದಿಲ್ಲ. ಬ್ರಾಡ್ ಜಂಪಲ್ಲಿ ಇಳಿದ ಜಾಗದಲ್ಲಿ ನಿಲ್ಲಬೇಕು, ಅಷ್ಟೇ ನಿಯಮ. ನೀವು ವಿಡಿಯೋ ನೋಡೋದಾದ್ರೆ ದೂರ ಬಿಟ್ಟುಬಿಡಿ, ಇಳಿಯುವಾಗ ಸೊಂಟ ಯಾವ ಕಡೆ ವಾಲುತ್ತೆ ನೋಡಿ. ಏಟಾದ ಕಾಲನ್ನ ಕಾಪಾಡ್ತಿರೋನು ಗಟ್ಟಿ ಕಾಲ ಕಡೆ ಒಂದಿಷ್ಟು ಜಾರಿ ಕೂರ್ತಾನೆ.

ವರ್ಟಿಕಲ್‌ನ ಇನ್ನೊಂದು ಒಳಗುಟ್ಟು. ಮೊದಲು ನಿಂತು ಕೈ ಮೇಲೆತ್ತಿ ಎಲ್ಲಿಗೆ ಎಟುಕುತ್ತೆ ಅಂತ ಅಳೀತಾರೆ, ಆಮೇಲೆ ಹಾರಿ ವರ್ಟೆಕ್ ಕಂಬದ ಅಲಗುಗಳನ್ನ ತಳ್ಳಬೇಕು. ಎರಡರ ವ್ಯತ್ಯಾಸ ಜಿಗಿತ. ಅಲಗುಗಳ ಅಂತರ ಅರ್ಧ ಇಂಚು. ಮೊದಲ ಅಳತೆಯಲ್ಲಿ ಭುಜ ಪೂರ್ತಿ ಮೇಲೆತ್ತದೆ ನಿಂತ್ರೆ ಪುಕ್ಕಟೆಯಾಗಿ ಒಂದು ಇಂಚು ಸಿಗುತ್ತೆ. ಕಂಬೈನ್‌ನಲ್ಲಿ ಅದನ್ನ ಗಟ್ಟಿಯಾಗಿ ನೋಡ್ತಾರೆ, ಕಾಲೇಜಿನ ಪ್ರೋ ಡೇನಲ್ಲಿ ಅಷ್ಟು ಬಿಗಿ ಇರೋದಿಲ್ಲ. ಜ್ಯಾಕ್ ಹಾಗೆ ಮಾಡಿದ ಅಂತ ಹೇಳ್ತಿಲ್ಲ. 40 ಬದಲು 39 ಅಂದ್ರೂ ಆ ತೂಕಕ್ಕೆ ಅದು ರಾಕ್ಷಸ ಜಿಗಿತ. ಲೈನ್‌ಬ್ಯಾಕರ್ 35 ದಾಟಿದ್ರೇ ನಾವು ಚೆನ್ನಾಗಿದೆ ಅಂತೀವಿ.

40 ಗಜದ ಓಟಕ್ಕೂ ಇದೇ ಎಚ್ಚರಿಕೆ. ಕಂಬೈನ್‌ನಲ್ಲಿ ಶುರು ಕೈಯಿಂದ, ಮುಗಿಯೋದು ಲೇಸರ್‌ನಿಂದ. ಪ್ರೋ ಡೇನಲ್ಲಿ ಎರಡೂ ಕೈಯಿಂದ. ಓಟಗಾರ ಅಲುಗಿದ ಮೇಲೆ ಬೆರಳು ಒತ್ತೋಕೆ ಕ್ಷಣ ತಡವಾಗುತ್ತೆ, ಕೊನೆಯ ಗೆರೆ ಮಾತ್ರ ಎದುರಿಗೆ ಬರೋದು ಕಾಣಿಸ್ತಿರುತ್ತೆ, ಮುಂಚೆಯೇ ಊಹಿಸಿ ಒತ್ತುತ್ತಾರೆ. ಎರಡೂ ಸೇರಿ ಸಮಯ ಕಡಿಮೆ ಬರುತ್ತೆ. ಪ್ರೋ ಡೇ 4.45 ಮತ್ತು ಕಂಬೈನ್ 4.45 ಒಂದೇ ಅಂತ ಪಕ್ಕಪಕ್ಕ ಇಟ್ಟು ಜಗಳ ಆಡೋರನ್ನ ಕಂಡ್ರೆ ನಗು ಬರುತ್ತೆ. ಲೈನ್‌ಬ್ಯಾಕರ್‌ಗೆ 40ಕ್ಕಿಂತ ಮೊದಲ 10 ಗಜದ ಸಮಯ ನೋಡಿ, ಅವನು ಪಂದ್ಯದಲ್ಲಿ 40 ಗಜ ನೇರ ಓಡೋದು ಯಾರಾದ್ರೂ ತಪ್ಪಿಸಿಕೊಂಡಾಗ ಮಾತ್ರ.

ಮೊಣಕಾಲಿನ ಬಗ್ಗೆ ಏನಾದ್ರೂ ಹೇಳೋ ಪರೀಕ್ಷೆ ಅಂದ್ರೆ ತ್ರೀ-ಕೋನ್ ಮತ್ತು 20 ಗಜದ ಶಟಲ್. ಶಟಲ್‌ನಲ್ಲಿ 5 ಗಜ ಒಂದು ಕಡೆ, 10 ಗಜ ವಾಪಸ್, ಮತ್ತೆ 5 ಗಜ. ಎರಡು ಸಲ ಪೂರ್ತಿ ವೇಗದಿಂದ ಒಂದೇ ಕಾಲ ಮೇಲೆ ನಿಂತು ತಿರುಗಬೇಕು. ತ್ರೀ-ಕೋನ್‌ನಲ್ಲಿ 5 ಗಜ ಅಂತರದ ಮೂರು ಕೋನ್ ಎಲ್ ಆಕಾರದಲ್ಲಿ, ಒಟ್ಟು 30 ಗಜ, ಬ್ರೇಕು ಹೊಡೆದು ಬಾಗಿ ಸುತ್ತಬೇಕು. ಮೆನಿಸ್ಕಸ್‌ಗೆ ಕಷ್ಟ ಆಗೋದು ಇದೇ ಚಲನೆ: ಭಾರ ಹೊತ್ತು, ಮಡಚಿ, ತಿರುಚೋದು. ಜ್ಯಾಕ್ ಕಂಬೈನ್‌ನಲ್ಲಿ ಇವೆರಡನ್ನೂ ಮಾಡಲಿಲ್ಲ, ಅಲ್ಲಿ 40 ಗಜವೂ ಓಡಲಿಲ್ಲ. ಅವನ ಏಜೆಂಟ್ ತೋರಿಸಿದ್ದು ಮೊಣಕಾಲಿನ ಗುಟ್ಟು ಬಿಟ್ಟುಕೊಡದ ಎರಡು ಅಂಕಿ. ಅದು ಸುಳ್ಳಲ್ಲ, ಜಾಣತನ.

ಮನೆಯಲ್ಲಿ ನಾನೊಬ್ಬ ಸ್ಕೌಟ್ ಅಂತ ಆಡೋದಾದ್ರೆ ಕೇಳಬೇಕಾದ ಅಂಕಿ ಬೇರೆ: ಒಂಟಿ ಕಾಲ ಜಿಗಿತದಲ್ಲಿ ಬಲಗಾಲು ಎಡಗಾಲಿನ ಶೇಕಡಾ ಎಷ್ಟು? 90 ದಾಟಬೇಕು. ಯಂತ್ರದಲ್ಲಿ ಕೂರಿಸಿ ತೊಡೆಯ ಮುಂಭಾಗದ ಬಲ ಅಳೆದರೆ ಎರಡು ಕಾಲಿನ ವ್ಯತ್ಯಾಸ ಎಷ್ಟು? ಪೂರ್ತಿ ಪ್ರಾಕ್ಟೀಸಿನ ಮಾರನೇ ಬೆಳಿಗ್ಗೆ ಮೊಣಕಾಲಲ್ಲಿ ನೀರು ತುಂಬುತ್ತಾ? ಕೊನೆಯದು ಎಲ್ಲಕ್ಕಿಂತ ಮುಖ್ಯ. ಕಾರ್ಟಿಲೇಜು ಸವೆದ ಮೊಣಕಾಲು ಜಿಗಿಯುವ ದಿನ ಚೆನ್ನಾಗೇ ಇರುತ್ತೆ, ಮಾರನೇ ದಿನ ಊದಿಕೊಳ್ಳುತ್ತೆ. ಪ್ರೋ ಡೇ ಇರೋದು ಒಂದೇ ದಿನ.

ಸ್ಮಿತ್‌ದು ಎತ್ತರ-ತೂಕ ಬಿಟ್ಟು ಓಟ-ಜಿಗಿತದ ಯಾವ ಅಂಕಿಯೂ ಇಲ್ಲ, ಹಾಗಾಗಿ ಓಟ-ಜಿಗಿತಕ್ಕೆಲ್ಲ ಸೇರಿಸಿ 0ಯಿಂದ 10ರವರೆಗೆ ಅಂಕ ಕೊಡೋ ಆರ್‌ಎಎಸ್ ಪಟ್ಟಿ ಹಿಡಿದು ಇಬ್ಬರನ್ನ ಹೋಲಿಸೋ ಆಟ ಇಲ್ಲಿ ನಡೆಯೋದಿಲ್ಲ. ಅವನ 2015ರ ಆಟ ನೋಡಿ, ಅಷ್ಟೇ. ಸೈಡ್‌ಲೈನ್‌ನಿಂದ ಸೈಡ್‌ಲೈನ್‌ಗೆ ಅವನಷ್ಟು ಬೇಗ ಮುಟ್ಟೋರು ಆ ವರ್ಷದ ಲೈನ್‌ಬ್ಯಾಕರ್‌ಗಳಲ್ಲಿ ನನಗೆ ಕಾಣಲಿಲ್ಲ. ಓಹೋ, ಮತ್ತೆ ಡ್ಯಾರನ್ ಲೀ ಕಂಬೈನ್‌ನಲ್ಲಿ 4.47 ಓಡಿದ್ದಕ್ಕೆ ಜೆಟ್ಸ್ 20ನೇ ಸ್ಥಾನ ಕೊಟ್ಟಿದ್ದಾರೆ. ಓಟ ಚೆನ್ನಾಗಿದೆ, ಕಾಲು ಗಟ್ಟಿ ಇದೆ. ಆದ್ರೂ ಆಟದಲ್ಲಿ ಇವರಿಬ್ಬರ ಪಕ್ಕ ನಿಲ್ಲೋದಿಲ್ಲ.

ಹುಬ್ಬಳ್ಳಿ_ಹೇಲ್‌ಮೇರಿ:

ಏನ್ರೀ ಇದು, ಎರಡು ಮುರುಕು ಮೊಣಕಾಲು ಇಟ್ಕೊಂಡು ಇಷ್ಟ ಜಗಳ? ಗಟ್ಟಿ ಕಾಲಿನ ಹುಡುಗ ಅದಾನಲ್ಲ, ಅಲಬಾಮಾದ ರೆಗ್ಗಿ ರ್‍ಯಾಗ್ಲಂಡ್. ಅವನ್ನ ತಗೊಂಡು ಆರಾಮ ಮಲ್ಕೋರಿ.

ನಿಯಮ ಮುರದು ಒಂದು ಮಾತು ಹೇಳ್ತೀನಿ, ಲೆಕ್ಕಕ್ಕ ಹಿಡೀಬ್ಯಾಡ್ರಿ: ಆ ಗಟ್ಟಿ ಕಾಲಿನ ರ್‍ಯಾಗ್ಲಂಡ್ ಅದೇ ವರ್ಷ ಬಫಲೋ ಕ್ಯಾಂಪಿನ್ಯಾಗ ಎಸಿಎಲ್ ಹರ್ಕೊಂಡ, ಇಡೀ 2016 ಹೋತು. ಈಗ ನೀವ ಹೇಳ್ರಿ.

ಕ್ಯಾಪ್_ಲೆಕ್ಕಿಗ:

ಕಾಲಿನ ಮಾತು ಸಾಕು, ಕಾಸಿನ ಮಾತು ಆಡೋಣ. ಇಬ್ಬರ ಅಪಾಯಕ್ಕೂ ಬೆಲೆ ಕಟ್ಟದೆ ತೀರ್ಮಾನ ಆಗುವುದಿಲ್ಲ.

ಡ್ರಾಫ್ಟ್ ಸ್ಥಾನಗಳಿಗೆ ಬೆಲೆ ಕಟ್ಟುವ ಹಳೆಯ ಜಿಮ್ಮಿ ಜಾನ್ಸನ್ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ 1,700 ಪಾಯಿಂಟ್, 34ಕ್ಕೆ 560. ಇಬ್ಬರೂ ಗಟ್ಟಿ ಇದ್ದಿದ್ದರೆ 5ನೇ ಸ್ಥಾನದ ಸರಕು ಎಂದು ಇಟ್ಟುಕೊಂಡರೆ, 560ನ್ನು 1,700ರಿಂದ ಭಾಗಿಸಿ: ಮೂರರಲ್ಲಿ ಒಂದು. ಅಂದರೆ ಆರೋಗ್ಯವಾಗಿ ಬರುವ ಸಾಧ್ಯತೆ ಮೂರಕ್ಕೆ ಒಂದಕ್ಕಿಂತ ಹೆಚ್ಚಿದೆ ಎಂದು ನಿಮಗೆ ಅನ್ನಿಸಿದರೆ 34ರಲ್ಲಿ ಕೊಳ್ಳುವುದು ಲಾಭ. ಹಾಸನದ ಸಾರ್ ಹೇಳಿದ "ಅರ್ಧಕ್ಕಿಂತ ಹೆಚ್ಚು ಜನರಿಗೆ ಬರೋದಿಲ್ಲ" ಎಂಬ ಮಾತು ಹೆದರಿಸುತ್ತದೆ ನಿಜ, ಆದರೆ ಹೋಲಿಸಬೇಕಾದ ಗೆರೆ ಅರ್ಧವಲ್ಲ, ಮೂರನೇ ಒಂದು. 4ನೇ ಸ್ಥಾನದ ಎಲಿಯಟ್‌ಗೆ ನಾಲ್ಕು ವರ್ಷಕ್ಕೆ ಸುಮಾರು 2.49 ಕೋಟಿ ಡಾಲರ್. 34ಕ್ಕೆ 65 ಲಕ್ಷದ ಆಸುಪಾಸು. ಎಡವಿದರೂ ತಂಡ ಮುಳುಗುವುದಿಲ್ಲ.

ಎರಡನೇ ಸುತ್ತಿನಲ್ಲಿ ಒಂದು ನಷ್ಟವಿದೆ. ಮೊದಲ ಸುತ್ತಿನವರಿಗೆ ಇರುವ ಐದನೇ ವರ್ಷದ ಆಯ್ಕೆ (ತಂಡ ಬಯಸಿದರೆ ಕರಾರನ್ನು ಒಂದು ವರ್ಷ ಹಿಗ್ಗಿಸುವುದು) ಇಲ್ಲಿ ಇಲ್ಲ. ಕಾಯಿಸಿ ಬೆಳೆಸಬೇಕಾದ ಆಟಗಾರನಿಗೆ ಆ ಐದನೇ ವರ್ಷವೇ ಚಿನ್ನ. ಸ್ಮಿತ್ 2016 ಪೂರ್ತಿ ಆಡುವುದಿಲ್ಲ ಎನ್ನುವುದು ಏಪ್ರಿಲ್‌ನಲ್ಲೇ ಬಹುತೇಕ ಖಚಿತ. ಹಾಗಾದರೆ ನಾಲ್ಕರಲ್ಲಿ ಸಿಗುವುದು ಮೂರು.

ಇಲ್ಲೊಂದು ತಿರುವು ಇದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಕಾಲೇಜಿನಲ್ಲಿ ಆದ ಏಟಿಗೆ ಆಟಗಾರನನ್ನು ಎನ್‌ಎಫ್‌ಐ (ಎನ್‌ಎಫ್‌ಎಲ್ ಆಟದ ಹೊರಗೆ ಏಟಾದವರ) ಪಟ್ಟಿಗೆ ಹಾಕುತ್ತಾರೆ. ಅಲ್ಲಿದ್ದರೆ 53 ಜನರ ತಂಡದಲ್ಲಿ ಜಾಗ ತಿನ್ನುವುದಿಲ್ಲ. ಇಡೀ ವರ್ಷ ಅಲ್ಲೇ ಕಳೆದರೆ ಆ ವರ್ಷ ಸೇವಾವಧಿಗೂ ಸೇರುವುದಿಲ್ಲ. ನಾಲ್ಕು ವರ್ಷದ ಕರಾರು ಮುಗಿದಾಗ ಸ್ಮಿತ್ ಕೈಯಲ್ಲಿ ಮೂರೇ ವರ್ಷದ ಸೇವೆ ಇರುತ್ತದೆ, ಆಗ ಅವನು ಪೂರ್ತಿ ಬಿಡುಗಡೆಯ ಆಟಗಾರನಲ್ಲ, ನಿರ್ಬಂಧಿತ. ತಂಡ ಟೆಂಡರ್ (ಒಂದು ವರ್ಷದ ಕರಾರಿನ ಕೊಡುಗೆ) ಕೊಟ್ಟು ಇನ್ನೊಂದು ವರ್ಷ ಹಿಡಿದಿಟ್ಟುಕೊಳ್ಳಬಹುದು. ಕಳೆದುಕೊಂಡ ವರ್ಷ ಕೊನೆಯಲ್ಲಿ ಬಡ್ಡಿ ಇಲ್ಲದೆ ವಾಪಸ್. ಜ್ಯಾಕ್ ಮೊದಲ ದಿನದಿಂದಲೇ ಆಡುತ್ತಾನೆ, ಆದ್ದರಿಂದ ನಾಲ್ಕು ವರ್ಷ ಮುಗಿದ ಕೂಡಲೇ ಮಾರುಕಟ್ಟೆಗೆ ಹೋಗುತ್ತಾನೆ. ಕುಡ್ಲದವರ "ನಾಲ್ಕು ವರ್ಷ ತಡೆದರೆ ಸಾಕು" ಎಂಬ ವಾದ ಗಟ್ಟಿ ಇದೆ, ಆದರೆ ಐದನೇ ವರ್ಷಕ್ಕೆ ಅದೇ ಮೊಣಕಾಲಿಗೆ ಪೂರ್ತಿ ಬೆಲೆ ಕೊಡಬೇಕಾಗುತ್ತದೆ, ಅದೂ ಸವೆತ ಶುರುವಾಗುವ ಹೊತ್ತಿಗೆ.

ಕುಡ್ಲದ_ಬ್ಲಿಟ್ಜ್:

ಕರಾರು ಮುಗಿದಾಗ ಕೊಡಬೇಡಿ ಅಷ್ಟೇ. ನಾಲ್ಕು ವರ್ಷ ಆಡಿಸಿ, ಕೈ ಮುಗಿದು ಕಳಿಸಿ. ಮತ್ತೆ ಆ ಮೂರನೇ ಒಂದರ ಲೆಕ್ಕದಲ್ಲಿ ಒಂದು ಓಟೆ ಉಂಟು. ಸ್ಮಿತ್ "ಬಂದ" ಅಂದರೆ ಏನು? ಪಾದ ನೆಲದಿಂದ ಎದ್ದರೆ ಡಾಕ್ಟರಿಗೆ ಬಂದ ಹಾಗೆ. ಐದಕ್ಕೆ ನಾಲ್ಕು ಬಲ ಬಂದರೂ ಆಸ್ಪತ್ರೆ ಕಾಗದದಲ್ಲಿ ಅದು ಗೆಲುವು. ಎನ್‌ಎಫ್‌ಎಲ್ ಲೈನ್‌ಬ್ಯಾಕರ್‌ಗೆ ಐದಕ್ಕೆ ನಾಲ್ಕು ಸಾಲದು. ನೀವು 1,700 ಪಾಯಿಂಟಿನ ಆಟಗಾರ ಬರುತ್ತಾನೆ ಅಂತ ಗುಣಿಸುತ್ತಿದ್ದೀರಿ, ಬರುವುದು 700 ಪಾಯಿಂಟಿನವನಾದರೆ?

ಹಾಸನ_ಫಿಸಿಯೋ:

ಇದು ಸರಿಯಾದ ಏಟು, ಒಪ್ಪಲೇಬೇಕು. ನರ ವಾಪಸ್ ಬಂದ ಕಾಲು ಸಾಮಾನ್ಯವಾಗಿ ಬಲಕ್ಕಿಂತ ತಾಳಿಕೆಯಲ್ಲಿ ಹಿಂದೆ ಬೀಳುತ್ತೆ. ಮೊದಲ ಕ್ವಾರ್ಟರ್ ಚೆನ್ನಾಗಿ ಓಡಿ ನಾಲ್ಕನೆಯದರಲ್ಲಿ ಬೆರಳು ಎಳೆಯೋಕೆ ಶುರು ಮಾಡಬಹುದು. ಅದಕ್ಕೇ ಮೊದಲ ವರ್ಷ ಆಡಿಸಲೇಬಾರದು, ಎರಡನೇ ವರ್ಷ ಪಟ್ಟಿ ಹಾಕಿ ಎಣಿಸಿದಷ್ಟು ಆಟಕ್ಕೆ ಮಾತ್ರ, ನಿಜವಾದ ಲೆಕ್ಕ ಮೂರನೇ ವರ್ಷ. 24 ತಿಂಗಳವರೆಗೂ ನರದಲ್ಲಿ ಸುಧಾರಣೆ ಕಾಣುತ್ತೆ. ಅಷ್ಟು ತಾಳ್ಮೆ ಇಲ್ಲದ ತಂಡ ಜ್ಯಾಕ್ ಕಡೆ ಹೋಗಲಿ.

ಮೂರನೇ_ಡೌನ್:

ಇನ್ನೊಂದು ದಾರಿ ಹೊಳೀತಿದೆ. ಜಾಕ್ಸನ್‌ವಿಲ್ 38ರಲ್ಲಿ ಕೂತಿದೆ, ಜ್ಯಾಕ್ ಮೇಲೆ ಕಣ್ಣಿಟ್ಟಂಗಿದೆ. 34ನ್ನ ಅವರಿಗೆ ಕೊಟ್ಟು 38ಕ್ಕೆ ಇಳಿದರೆ ಅವರು ಜ್ಯಾಕ್ ತಗೋತಾರೆ, ನಾನು 38ರಲ್ಲಿ ಸ್ಮಿತ್‌ನ ತಗೋತೀನಿ. ಕೂಪರ್‌ಗೆ ಗೊತ್ತಿರೋದು ಬೇರೆ ಯಾರಿಗೂ ಗೊತ್ತಿಲ್ಲ ಅಂದ್ಮೇಲೆ ನಾಲ್ಕು ಸ್ಥಾನದಲ್ಲಿ ಅವನನ್ನ ಯಾರು ಮುಟ್ತಾರೆ?

ಕ್ಯಾಪ್_ಲೆಕ್ಕಿಗ:

ಲೆಕ್ಕ ಕೂರುತ್ತದೆ. 34ಕ್ಕೆ 560, 38ಕ್ಕೆ 520. ವ್ಯತ್ಯಾಸ 40 ಪಾಯಿಂಟ್, ಪಟ್ಟಿಯಲ್ಲಿ ಅದು 132ನೇ ಸ್ಥಾನದ ಹತ್ತಿರದ ಒಂದು ಪಿಕ್. ಅವರ ಬಳಿ ಸರಿಯಾಗಿ ಅಷ್ಟೇ ಬೆಲೆಯದ್ದು ಇಲ್ಲದಿದ್ದರೆ ಐದನೇ ಸುತ್ತಿನದಕ್ಕೆ ಒಪ್ಪಿ, ನಾಲ್ಕನೇ ಸುತ್ತಿನ ಮೊದಲಿನದನ್ನು ಕೇಳಿ ವ್ಯಾಪಾರ ಕೆಡಿಸಬೇಡಿ.

ಆದರೆ 35, 36, 37ರಲ್ಲಿ ಯಾರಿದ್ದಾರೆ ಎಂದು ಒಮ್ಮೆ ನೋಡಿ. 35 ಚಾರ್ಜರ್ಸ್, 36 ರೇವನ್ಸ್. ಕಾದು ಕೊಳ್ಳುವ ತಾಳ್ಮೆ ರೇವನ್ಸ್‌ಗೆ ಯಾವಾಗಲೂ ಇದೆ. ನಿಮ್ಮ ಡಾಕ್ಟರ್ ಆಪರೇಷನ್ ಮಾಡಿದ ಆಟಗಾರನಿದ್ದೂ ನೀವು ನಾಲ್ಕು ಸ್ಥಾನ ಇಳಿದರೆ ಎದುರಿನವರು ಎರಡರಲ್ಲಿ ಒಂದು ಊಹಿಸುತ್ತಾರೆ: ಕೂಪರ್‌ಗೂ ನಂಬಿಕೆಯಿಲ್ಲ, ಅಥವಾ ನೀವು ಆಟ ಕಟ್ಟುತ್ತಿದ್ದೀರಿ. ಮೊದಲನೆಯದನ್ನು ಊಹಿಸಿದರೆ ನೀವು ಗೆದ್ದಿರಿ. ಎರಡನೆಯದಾದರೆ 40 ಪಾಯಿಂಟಿನ ಆಸೆಗೆ ಇಡೀ ಪಂದ್ಯ ಹೋಯಿತು. ಒಂದು ತಂಡ ತೆಗೆದುಕೊಳ್ಳುವ ಸಾಧ್ಯತೆ ಹತ್ತಕ್ಕೆ ಒಂದು ಎಂದು ಇಟ್ಟರೂ 560ರಲ್ಲಿ ಹತ್ತನೇ ಒಂದು 56. ನಿಮಗೆ ಸಿಗುವುದು 40.

34ರಲ್ಲೇ ಕೂತು ಸ್ಮಿತ್ ಹೆಸರು ಬರೆದುಬಿಡಿ.